ಜೀವವಿಲ್ಲವೆಂದು ಗೊತ್ತಿದ್ದರೂ: ರೋಬಾಟ್‌ ಎದುರು ಮನುಷ್ಯರ ನಡವಳಿಕೆ

ಆಯುಧಪೂಜೆಯಂದು ಸಂಡೂರಿನ ಅದಿರು ಲಾರಿಗೋ ಸಿಂಧನೂರಿನ ಟ್ರ್ಯಾಕ್ಟರಿಗೋ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುವವರು ಆ ಗಾಡಿಗೆ ಜೀವವಿದೆ ಎಂದು ಭಾವಿಸಿರುವುದಿಲ್ಲ. ನಂಬಿಕೆಗೂ ನಡವಳಿಕೆಗೂ ನಡುವಿನ ಇದೇ ಅಂತರವನ್ನು ಮನೋವಿಜ್ಞಾನಿಗಳು ದಶಕಗಳಿಂದ ಬೆನ್ನುಹತ್ತಿದ್ದಾರೆ.

1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಚಲಿಸುವ ಪುಟ್ಟ ಚಿತ್ರವೊಂದನ್ನು ತೋರಿಸಿದಾಗ, ನೋಡಿದವರಲ್ಲಿ ಬಹುತೇಕ ಎಲ್ಲರೂ ಜಗಳದ, ಬೆನ್ನಟ್ಟುವಿಕೆಯ ಕಥೆ ಹೇಳಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟ ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಅಚ್ಚರಿ ಮೂಡಿದ್ದು ಯಂತ್ರ ಮರುಮಾತಾಡತೊಡಗಿದ ಮೇಲೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ‘ಎಲಿಜಾ’ ಎಂಬ ಪ್ರೋಗ್ರಾಂ, ಎದುರಿಗಿದ್ದವರು ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೇ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಕೆಲವು ಮಾತಾದ ಮೇಲೆ, ಕೋಣೆಯಿಂದ ಸ್ವಲ್ಪ ಹೊರಗೆ ಹೋಗುವಂತೆ ಅವರನ್ನು ಕೋರಿದರು. ಇಂಥ ಅನುಭವಗಳಿಂದ ಕಳವಳಗೊಂಡ ವೈಜೆನ್‌ಬಾಮ್ ಮುಂದೆ ತಮ್ಮದೇ ಕ್ಷೇತ್ರವಾದ ಕೃತಕ ಬುದ್ಧಿಮತ್ತೆಯ ಕಟು ಟೀಕಾಕಾರರಾದರು.

ಮನುಷ್ಯನನ್ನು ಇನ್ನೇನು ಹೋಲಿಯೇಬಿಟ್ಟಿತು ಎನ್ನುವ ಹಂತದಲ್ಲಿ ರೋಬಾಟ್ ಅಸಹ್ಯ ಹುಟ್ಟಿಸುತ್ತದೆ ಎಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೊರಿ 1970ರಲ್ಲಿ ವಾದಿಸಿದರು. ಆದರೆ ಹೋಲಿಕೆಯೇ ಬೇಕಿಲ್ಲವೆಂಬುದನ್ನು ಸ್ಟ್ಯಾನ್‌ಫರ್ಡ್‌ನ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ 1990ರ ದಶಕದಲ್ಲಿ ತೋರಿಸಿದರು: ಕಂಪ್ಯೂಟರಿನ ಕೆಲಸ ಹೇಗಿತ್ತೆಂದು ಅದೇ ಕಂಪ್ಯೂಟರ್ ಕೇಳಿದಾಗ ಜನ ದಾಕ್ಷಿಣ್ಯಕ್ಕೆ ಬಿದ್ದು ಹೊಗಳಿದರು, ಬೇರೊಂದು ಕಂಪ್ಯೂಟರ್ ಕೇಳಿದಾಗ ಅಷ್ಟು ಹೊಗಳಲಿಲ್ಲ. ಕಂಪ್ಯೂಟರಿಗೆ ಮರ್ಯಾದೆ ತೋರಿದಿರಾ ಎಂದರೆ ಛೇ, ಇಲ್ಲವೆಂದರು.

ಸೋನಿ 1999ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ಐಬೊ’ ಎಂಬ ರೋಬಾಟ್ ನಾಯಿಯ ತಯಾರಿಕೆ 2006ರಲ್ಲಿಯೂ ದುರಸ್ತಿ ಸೇವೆ 2014ರಲ್ಲಿಯೂ ನಿಂತ ಬಳಿಕ, ಕೆಟ್ಟುಹೋದ ನಾಯಿಗಳಿಗೆ ಜಪಾನಿನ ಇಸುಮಿಯ ಬೌದ್ಧ ದೇವಾಲಯದಲ್ಲಿ ಅಂತ್ಯಸಂಸ್ಕಾರಗಳು ನಡೆದವು. ಇತ್ತ 2015ರಲ್ಲಿ, ದಾರಿಹೋಕರ ನೆರವಿನಿಂದ ಊರೂರು ಸುತ್ತುತ್ತಿದ್ದ ‘ಹಿಚ್‌ಬಾಟ್’ ಎಂಬ ರೋಬಾಟನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಾರೋ ಒಡೆದುಹಾಕಿದರು.

ಪೂಜೆಗೊಂಡ ಟ್ರ್ಯಾಕ್ಟರ್ ತಿರುಗಿ ಅಕ್ಕರೆ ತೋರುವುದಿಲ್ಲ. ಮರೆವಿನ ಕಾಯಿಲೆಯ ವೃದ್ಧರಿಗೆಂದು ಜಪಾನಿನಲ್ಲಿ ರೂಪಿಸಿದ ‘ಪಾರೊ’ ಎಂಬ ರೋಬಾಟ್ ಸೀಲ್ (ಕಡಲಪ್ರಾಣಿ) ಮರಿ, ಮೈದಡವಿದರೆ ದನಿಗೈದು ಕಣ್ಣು ಮಿಟುಕಿಸುತ್ತದೆ. ಅದರ ಅಕ್ಕರೆಯ ಹಿಂದೆ ಅರಿವಿಲ್ಲವೆಂಬುದೇ ಎಂಐಟಿಯ ಶೆರಿ ಟರ್ಕಲ್ ಅವರ ಆಕ್ಷೇಪ. ಮಕ್ಕಳು ಗುಳೆ ಹೋಗಿ ಮುದುಕರಷ್ಟೇ ಉಳಿದಿರುವ ನಮ್ಮ ಹಳ್ಳಿಗಳ ಮನೆಗಳನ್ನು ನೆನೆದಾಗ, ಆ ಆಕ್ಷೇಪವನ್ನು ಪೂರ್ತಿ ಒಪ್ಪುವುದೂ ಪೂರ್ತಿ ತಳ್ಳಿಹಾಕುವುದೂ ಕಷ್ಟ.