ವ್ಯಾಯಾಮ ಚಿಕಿತ್ಸೆಯ ಪ್ರಮಾಣ: ಸಹಪಾಠಿಗಳಿಗೊಂದು ಅಧ್ಯಯನ ಟಿಪ್ಪಣಿ

‘ದಿನಾ ಗದ್ದೇಲಿ ಗೇಯ್ತೀನಲ್ಲ ಸಾ, ಇನ್ಯಾವ ಎಕ್ಸಸೈಜು?’ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಮಂಡಿನೋವಿಗೋ ಸೊಂಟನೋವಿಗೋ ಚಿಕಿತ್ಸೆ ಪಡೆಯಲು ಬರುವವರು ಕೇಳುವ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬಂದರೆ, ವ್ಯಾಯಾಮ ಚಿಕಿತ್ಸೆಯ ಅರ್ಧ ಪಾಠ ನಮಗೆ ತಿಳಿದಂತೆಯೇ. ಪ್ರಶ್ನೆ ನ್ಯಾಯವಾದದ್ದು. ಮುಂಜಾನೆಯಿಂದ ಸಂಜೆಯವರೆಗೆ ಮೈಮುರಿದು ದುಡಿಯುವವರಿಗೆ ‘ನೀವು ವ್ಯಾಯಾಮ ಮಾಡುತ್ತಿಲ್ಲ’ ಎಂದು ಹೇಳುವ ಮೊದಲು, ಚಟುವಟಿಕೆ ಮತ್ತು ಚಿಕಿತ್ಸೆಗಳ ನಡುವಿನ ವ್ಯತ್ಯಾಸ ನಮಗೇ ಸ್ಪಷ್ಟವಾಗಿರಬೇಕು.

1985ರಲ್ಲಿ ಸಂಶೋಧಕ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು ಕೊಟ್ಟ ವ್ಯಾಖ್ಯೆಯನ್ನು ಇಂದಿಗೂ ಬಳಸುತ್ತೇವೆ. ಅದರಂತೆ ಅಸ್ಥಿಸ್ನಾಯುಗಳು ಕೆಲಸ ಮಾಡಿ ಶಕ್ತಿ ವ್ಯಯವಾಗುವ ಯಾವುದೇ ಚಲನೆಯೂ ದೈಹಿಕ ಚಟುವಟಿಕೆಯೇ. ದೇಹದ ಕ್ಷಮತೆಯನ್ನು ಹೆಚ್ಚಿಸಲು ಅಥವಾ ಉಳಿಸಿಕೊಳ್ಳಲು ಯೋಜನೆ ಹಾಕಿಕೊಂಡು, ಕ್ರಮವಾಗಿ, ಮತ್ತೆ ಮತ್ತೆ ಮಾಡುವ ಚಟುವಟಿಕೆ ಮಾತ್ರ ವ್ಯಾಯಾಮ. ಅದೇ ವ್ಯಾಯಾಮವನ್ನು, ಪರೀಕ್ಷೆ ಮಾಡಿ ಕಂಡುಕೊಂಡ ಒಂದು ಕೊರತೆಯನ್ನು ನೀಗಿಸಲೆಂದು ಗೊತ್ತಾದ ಪ್ರಮಾಣದಲ್ಲಿ ಕೊಟ್ಟಾಗ ಅದು ಚಿಕಿತ್ಸೆಯಾಗುತ್ತದೆ. ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಪ್ರಮಾಣದ ಬಗ್ಗೆಯೇ. ಮಾತ್ರೆ ಬರೆಯುವ ವೈದ್ಯರು ‘ಸ್ವಲ್ಪ ಮಾತ್ರೆ ತೆಗೆದುಕೊಳ್ಳಿ’ ಎನ್ನುವುದಿಲ್ಲ. ನಾವೂ ‘ಸ್ವಲ್ಪ ವಾಕ್ ಮಾಡಿ’ ಎಂದು ಹೇಳಿ ಕಳುಹಿಸಬಾರದು.

ಗೇಯ್ಮೆಗೂ ವ್ಯಾಯಾಮಕ್ಕೂ ಇರುವ ಅಂತರ

ನಾಟಿ ಹಾಕುವ ಹೆಣ್ಣುಮಕ್ಕಳ ಬೆನ್ನು ಗಂಟೆಗಟ್ಟಲೆ ಒಂದೇ ಕೋನದಲ್ಲಿ ಬಾಗಿರುತ್ತದೆ. ಕಬ್ಬು ಕಡಿದು ಹೊರೆ ಹೊರುವವರ ಮೇಲೆ ಬೀಳುವ ಭಾರವನ್ನು ನಿರ್ಧರಿಸುವುದು ಅಂದಿನ ಕೆಲಸವೇ ಹೊರತು ಅವರ ಸ್ನಾಯುವಿನ ಶಕ್ತಿಯಲ್ಲ. ಭಾರ ಮೆಲ್ಲಮೆಲ್ಲನೆ ಏರುವುದಿಲ್ಲ, ನೋವಾದಾಗ ಇಳಿಯುವುದೂ ಇಲ್ಲ, ಸುಗ್ಗಿಯ ಕಾಲದಲ್ಲಿ ಬಿಡುವಂತೂ ಸಿಗುವುದಿಲ್ಲ. ಕೆಲಸ ಬಲವನ್ನು ಬೇಡುತ್ತದೆ; ಆದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ನಂಥ ಒಂದು ಸ್ನಾಯುವನ್ನೇ ಆರಿಸಿ, ಅದರ ಪೂರ್ಣ ಚಲನೆಯಲ್ಲಿ, ಅದರ ಮಿತಿಯ ಸಮೀಪದವರೆಗೆ ದುಡಿಸಿ, ಬಳಿಕ ಚೇತರಿಸಿಕೊಳ್ಳಲು ಬಿಡುವುದು ಕೆಲಸದಿಂದ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಇಲ್ಲವೇ 75ರಿಂದ 150 ನಿಮಿಷ ಹೆಚ್ಚಿನ ತೀವ್ರತೆಯ ಚಟುವಟಿಕೆ ಬೇಕು. ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ 3 ದಿನ ಸಮತೋಲನವನ್ನೂ ಬಲವನ್ನೂ ಬೆಳೆಸುವ ವ್ಯಾಯಾಮ ಬೇಕು. ಗದ್ದೆಯಲ್ಲಿ ದುಡಿಯುವವರಿಗೆ ಮೊದಲ ಭಾಗ ಎಂದೋ ಸಂದಾಯವಾಗಿರುತ್ತದೆ. ಅವರಿಗೆ ಬೆಳಗಿನ ನಡಿಗೆಯನ್ನು ಬರೆದುಕೊಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅವರಿಗೆ ಬೇಕಾದದ್ದು ಎರಡನೆಯ ಭಾಗ. ಮೈಸೂರಿನ ಹೆಬ್ಬಾಳು, ಹೂಟಗಳ್ಳಿಯ ಕೈಗಾರಿಕಾ ಪ್ರದೇಶದ ಕಚೇರಿಯಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂತಿರುವವರ ಸ್ಥಿತಿ ಇದಕ್ಕೆ ತಿರುಗುಮುರುಗು. ಅವರಿಗೆ ಎರಡೂ ಬೇಕಾಗಬಹುದು. ಆದ್ದರಿಂದ ಮೊದಲ ಭೇಟಿಯಲ್ಲೇ ರೋಗಿಯ ದುಡಿಮೆಯ ಸ್ವರೂಪವನ್ನು ವಿವರವಾಗಿ ಕೇಳಿ ಬರೆದುಕೊಳ್ಳುವುದು ಬಹಳ ಮುಖ್ಯ.

ವಿಶ್ರಾಂತಿಯ ಬೆಲೆ

ನೋವು ಬಂದರೆ ಮಲಗಬೇಕು ಎಂಬ ನಂಬಿಕೆ ಮನೆಯ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು 3 ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದಾಗ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 30 ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಆ 3 ವಾರಗಳ ಮಲಗಿಕೆ ಮಾಡಿದ್ದ ಹಾನಿಯೇ ದೊಡ್ಡದೆಂದು ಕಂಡುಬಂತು. ಈ ಅಧ್ಯಯನ ಚಿಕ್ಕದಾದರೂ ಅದರ ಪಾಠವನ್ನು ಮರೆಯುವಂತಿಲ್ಲ.

ಸೊಂಟನೋವಿನ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತೊಂದಿದೆ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಹೊಸದಾಗಿ ಸೊಂಟನೋವು ಬಂದ ನಗರ ನೌಕರರನ್ನು ಮೂರು ಗುಂಪು ಮಾಡಿ ಒಂದು ಗುಂಪಿಗೆ 2 ದಿನ ಮಲಗುವಂತೆಯೂ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ ಮಾಡುವಂತೆಯೂ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಎಂದಿನ ಕೆಲಸ ಮುಂದುವರಿಸುವಂತೆಯೂ ಹೇಳಲಾಯಿತು. ಬೇಗ ಚೇತರಿಸಿಕೊಂಡವರು ಎಂದಿನ ಕೆಲಸ ಬಿಡದವರು. ವ್ಯಾಯಾಮವೇ ನಮ್ಮ ಕಸುಬಾಗಿದ್ದರೂ ಇದನ್ನು ಒಪ್ಪಿಕೊಳ್ಳಬೇಕು: ನೋವು ಹೊಸದಾಗಿರುವಾಗ ಧೈರ್ಯ ಹೇಳಿ ಓಡಾಡುವಂತೆ ಮಾಡುವುದೇ ದೊಡ್ಡ ಚಿಕಿತ್ಸೆ; ನೋವು 3 ತಿಂಗಳು ದಾಟಿ ಹಳೆಯದಾದಾಗ ವ್ಯಾಯಾಮದ ಸರದಿ ಬರುತ್ತದೆ.

ಬಲವನ್ನು ಅಳೆದು ಕೊಡುವ ಬಗೆ

ಎಷ್ಟು ಬಾರಿ, ಎಷ್ಟು ತೀವ್ರತೆ, ಎಷ್ಟು ಹೊತ್ತು, ಯಾವ ಬಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಲಹೆ ಅಪೂರ್ಣ ಎಂಬುದನ್ನು ತರಗತಿಯಲ್ಲಿ ಎಲ್ಲರೂ ಓದಿದ್ದೇವೆ. ಇವುಗಳಲ್ಲಿ ನಾವು ಹೆಚ್ಚಾಗಿ ಬಿಟ್ಟುಬಿಡುವುದು ತೀವ್ರತೆಯನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿದ್ದ ವೈದ್ಯ ಥಾಮಸ್ ಡಿಲೋರ್ಮ್, ಮಂಡಿಗೆ ಪೆಟ್ಟಾದ ಸೈನಿಕರಿಗೆ ಹಗುರ ಭಾರವನ್ನು ನೂರಾರು ಬಾರಿ ಎತ್ತಿಸುವ ಅಂದಿನ ರೂಢಿಯನ್ನು ಬಿಟ್ಟು, ಹೆಚ್ಚು ಭಾರವನ್ನು ಕಡಿಮೆ ಬಾರಿ ಎತ್ತಿಸಿದರು; 1945ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಬಳಿಕ ವೈದ್ಯ ವಾಟ್ಕಿನ್ಸ್ ಜೊತೆ ಸೇರಿ ರೂಪಿಸಿದ ಅವರ ಕ್ರಮ ಹೀಗಿದೆ: ರೋಗಿ ಸರಿಯಾದ ರೀತಿಯಲ್ಲಿ 10 ಬಾರಿ ಮಾತ್ರ ಎತ್ತಬಲ್ಲ, 11ನೆಯ ಬಾರಿ ಎತ್ತಲಾರದ ಭಾರವನ್ನು ಮೊದಲು ಕಂಡುಹಿಡಿಯಬೇಕು. ಅದು 10 ಕೆ.ಜಿ. ಎಂದುಕೊಂಡರೆ, ಮೊದಲ ಸೆಟ್ 5 ಕೆ.ಜಿ., ಎರಡನೆಯದು 7.5 ಕೆ.ಜಿ., ಮೂರನೆಯದು 10 ಕೆ.ಜಿ.; ಪ್ರತಿ ಸೆಟ್ಟಿನಲ್ಲೂ 10 ಬಾರಿ. ವಾರಕ್ಕೊಮ್ಮೆ ಹೊಸದಾಗಿ ಅಳೆದು ಭಾರವನ್ನು ಏರಿಸಬೇಕು.

ಮೈಸೂರಿನ ಗರಡಿ ಮನೆಗಳ ಉಸ್ತಾದರು ದಂಡ, ಬಸ್ಕಿಗಳ ಎಣಿಕೆಯನ್ನು ಏರಿಸುತ್ತಾ ಪೈಲ್ವಾನರನ್ನು ತಯಾರು ಮಾಡುವಾಗ ಇದೇ ತತ್ತ್ವವನ್ನು ಅನುಸರಿಸುತ್ತಾರೆ. ಆದರೆ ಬರಿಯ ಎಣಿಕೆಯನ್ನು ಏರಿಸಿದರೆ ಮುಖ್ಯವಾಗಿ ಸ್ನಾಯುವಿನ ತಾಳಿಕೆ ಬೆಳೆಯುತ್ತದೆ, ಭಾರವನ್ನು ಏರಿಸಿದರೆ ಬಲ ಬೆಳೆಯುತ್ತದೆ ಎಂಬುದನ್ನು ನಾವು ಗಮನಿಸಬೇಕು. ಮೊದಲ ಕೆಲವು ವಾರಗಳಲ್ಲಿ ಕಾಣುವ ಸುಧಾರಣೆ ಬಹುಮಟ್ಟಿಗೆ ನರಗಳದ್ದು. ಮಿದುಳು ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಆದ್ದರಿಂದ ಎರಡು ವಾರಕ್ಕೇ ‘ವಾಸಿಯಾಯ್ತು’ ಎಂದು ನಿಲ್ಲಿಸುವವರಿಗೆ, ಕನಿಷ್ಠ 8ರಿಂದ 12 ವಾರ ಮುಂದುವರಿಸಬೇಕೆಂಬುದನ್ನು ಕಾರಣದ ಸಮೇತ ಹೇಳಬೇಕು.

ನಡಿಗೆಯ ತೀವ್ರತೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವವರಲ್ಲಿ ಚಿಕಿತ್ಸೆಗೆ ಸಾಲುವಷ್ಟು ವೇಗ ಇದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ನಡೆಯುತ್ತಾ ಮಾತಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ತೀವ್ರತೆ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಹೆಚ್ಚಿನ ತೀವ್ರತೆ. ನಾಡಿಬಡಿತದ ಲೆಕ್ಕವನ್ನೂ ಬಳಸಬಹುದು: 220ರಿಂದ ವಯಸ್ಸನ್ನು ಕಳೆದರೆ 60 ವರ್ಷದವರಿಗೆ ಅಂದಾಜು ಗರಿಷ್ಠ ಬಡಿತ 160 ಬರುತ್ತದೆ, ಅದರ ಶೇ. 64ರಿಂದ 76, ಅಂದರೆ ನಿಮಿಷಕ್ಕೆ ಸುಮಾರು 102ರಿಂದ 122, ಮಧ್ಯಮ ತೀವ್ರತೆಯ ವ್ಯಾಪ್ತಿ. ಆದರೆ ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲವಾದ್ದರಿಂದ ಅವರಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಅಂಥವರಿಗೆ, ಶ್ರಮ ಎಷ್ಟೆನಿಸುತ್ತದೆ ಎಂಬುದನ್ನು ರೋಗಿಯೇ ಅಂಕದಲ್ಲಿ ಹೇಳುವ, 6ರಿಂದ 20ರವರೆಗಿನ ಬೋರ್ಗ್ ಅಳತೆಗೋಲಿನಲ್ಲಿ 12–13, ಅಂದರೆ ‘ಸ್ವಲ್ಪ ಕಷ್ಟ, ಆದರೂ ಮುಂದುವರಿಸಬಲ್ಲೆ’ ಎನ್ನುವ ಹಂತವನ್ನು ಕಲಿಸುವುದು ಸುರಕ್ಷಿತ.

ಚಾಮುಂಡಿ ಬೆಟ್ಟದ ಸುಮಾರು 1000 ಮೆಟ್ಟಿಲುಗಳ ಬಗ್ಗೆ ರೋಗಿಗಳು ಕೇಳಿಯೇ ಕೇಳುತ್ತಾರೆ. ಹತ್ತುವಾಗ ಹೃದಯ ಮತ್ತು ಶ್ವಾಸಕೋಶಗಳಿಗೆ ಹೆಚ್ಚು ಕೆಲಸ. ಇಳಿಯುವಾಗ ಕ್ವಾಡ್ರಿಸೆಪ್ಸ್ ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಮಂಡಿಚಿಪ್ಪಿನ ಹಿಂದೆ ಒತ್ತಡ ಹೆಚ್ಚು, ಮತ್ತು ಅಭ್ಯಾಸವಿಲ್ಲದವರಿಗೆ ಮುಂದಿನ ಎರಡು ಮೂರು ದಿನ ತೊಡೆ ಹಿಡಿದುಕೊಳ್ಳುವುದೂ ಇದರಿಂದಲೇ. ಹೃದಯದ ತೊಂದರೆ ಇಲ್ಲದ, ಮಂಡಿಯಲ್ಲಿ ಮಾತ್ರ ನೋವಿರುವವರು ಬಲ ಬಂದ ಮೇಲೆ ಹತ್ತಿ ಹೋಗಿ, ಬಸ್ಸಿನಲ್ಲಿ ಇಳಿದು ಬರಲಿ ಎಂಬುದು ನನ್ನ ಸಲಹೆ.

ಮಂಡಿಯ ಕೀಲುಸವೆತ: ಒಂದು ಉದಾಹರಣೆ

ಮದ್ದೂರಿನ ಹತ್ತಿರದ ಹಳ್ಳಿಯ, 58 ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಎರಡೂ ಮಂಡಿಯಲ್ಲಿ ನೋವು, ಕೂತರೆ ಏಳಲಾಗದು, ಎಕ್ಸ್‌ರೇಯಲ್ಲಿ ಸವೆತ ಕಂಡಿದೆ. ‘ಸವೆದು ಹೋದ ಮೇಲೆ ಇನ್ನೂ ಆಡಿಸಿದರೆ ಮತ್ತಷ್ಟು ಸವೆಯಲ್ವಾ?’ ಎಂಬುದು ಅವರ ಹೆದರಿಕೆ. ಈ ಹೆದರಿಕೆಗೆ ಉತ್ತರಿಸದೆ ವ್ಯಾಯಾಮ ಹೇಳಿಕೊಟ್ಟರೆ ಅವರು ಮನೆಯಲ್ಲಿ ಮಾಡುವುದಿಲ್ಲ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರವಾದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಒತ್ತಿಕೊಂಡು, ಭಾರ ಹೋದಾಗ ಸಡಿಲಗೊಂಡು, ಕೀಲಿನ ದ್ರವದಿಂದಲೇ ಅದು ಪೋಷಣೆ ಪಡೆಯಬೇಕು. ಹಿತಮಿತವಾದ ಚಲನೆ ಕೀಲಿನ ಆಹಾರ ಎಂಬುದನ್ನು ಅವರ ಮಾತಿನಲ್ಲೇ ತಿಳಿಸಬೇಕು.

ಅಳತೆಯಿಂದ ಆರಂಭಿಸೋಣ: ಕೈ ಊರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರುತ್ತಾರೆ ಎಂದು ಎಣಿಸಿ ಬರೆದುಕೊಳ್ಳಬೇಕು. ಮಂಡಿ ಊದಿಕೊಂಡಿದ್ದರೆ ಕ್ವಾಡ್ರಿಸೆಪ್ಸ್ ತಾನಾಗಿಯೇ ಮಂಕಾಗುವುದರಿಂದ, ಮೊದಲು ಊತ ಇಳಿಸಿ, ಕಾಲು ಚಾಚಿ ತೊಡೆ ಬಿಗಿಹಿಡಿಯುವ ಸರಳ ವ್ಯಾಯಾಮದಿಂದ ತೊಡಗಬೇಕು. ಬಳಿಕ ಕುರ್ಚಿಯಿಂದ ಏಳುವುದು: ಮೊದಲು ದಿಂಬು ಇಟ್ಟು ಎತ್ತರಿಸಿದ ಕುರ್ಚಿ, ಆಮೇಲೆ ಬರಿಯ ಕುರ್ಚಿ, ಆಮೇಲೆ ಎದೆಗೆ ಅವುಚಿಕೊಂಡ 2 ಲೀಟರ್ ನೀರಿನ ಬಾಟಲಿ. 10 ಬಾರಿಯಂತೆ 2–3 ಸೆಟ್, ವಾರಕ್ಕೆ 3 ದಿನ, ನಡುವೆ ಒಂದು ದಿನ ಬಿಡುವು. ಗುರಿಗಿಂತ ಒಂದೆರಡು ಬಾರಿ ಹೆಚ್ಚಾಗಿ, ಸತತ ಎರಡು ದಿನದ ಅಭ್ಯಾಸದಲ್ಲಿ ಮಾಡಲು ಸಾಧ್ಯವಾದರೆ ಮುಂದಿನ ಹಂತಕ್ಕೆ ಏರಬಹುದು. ಮೆಟ್ಟಿಲು ಹತ್ತುವ ಅಭ್ಯಾಸಕ್ಕೆ ಮನೆಯ ಹೊಸ್ತಿಲನ್ನು ತೋರಿಸಬೇಡಿ. ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ಅವರು ತುಳಿಯುವುದಿಲ್ಲ, ನಮ್ಮೆದುರು ತಲೆಯಾಡಿಸಿ ಹೋಗುತ್ತಾರಷ್ಟೆ. ಜಗಲಿಯ ಮೆಟ್ಟಿಲು ಸಾಕು.

ನೋವಿನ ಬಗ್ಗೆ ಸ್ಪಷ್ಟ ನಿಯಮ ಬೇಕು. 0ಯಿಂದ 10ರ ಅಳತೆಯಲ್ಲಿ 5ರವರೆಗಿನ ನೋವನ್ನು ವ್ಯಾಯಾಮದ ವೇಳೆ ಸಹಿಸಬಹುದು. ಅದು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ವ್ಯಾಯಾಮವನ್ನು ನಿಲ್ಲಿಸದೆ, ಪ್ರಮಾಣವನ್ನು ಕಡಿಮೆ ಮಾಡಬೇಕು.

ಸಕ್ಕರೆ ಕಾಯಿಲೆ ಇದ್ದಾಗ

ಸ್ನಾಯು ಸಂಕುಚಿಸಿದಾಗ ಇನ್ಸುಲಿನ್‌ನ ನೆರವಿಲ್ಲದೆಯೇ ಗ್ಲೂಕೋಸನ್ನು ಒಳಗೆ ಸೆಳೆದುಕೊಳ್ಳುತ್ತದೆ. ವ್ಯಾಯಾಮದ ಬಳಿಕ ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುವ ಗುಣ ಒಂದರಿಂದ ಮೂರು ದಿನ ಉಳಿಯುತ್ತದೆ. ವ್ಯಾಯಾಮದ ನಡುವೆ ಸತತ 2 ದಿನಕ್ಕಿಂತ ಹೆಚ್ಚು ಬಿಡುವು ಬೇಡ ಎನ್ನುವುದು ಈ ಕಾರಣಕ್ಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರ ಸಕ್ಕರೆ 90 ಮಿ.ಗ್ರಾಂಗಿಂತ ಕೆಳಗಿದ್ದರೆ ಏನಾದರೂ ತಿಂದ ಮೇಲಷ್ಟೇ ಶುರುಮಾಡಬೇಕು. ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಬದುವಿನ ಮೇಲೆ ನಡೆಯಬಾರದು. ನಡೆದು ಬಂದ ಮೇಲೆ ಪ್ರತಿದಿನ ಪಾದ ನೋಡಿಕೊಳ್ಳಬೇಕು.

ಹೆಚ್ಚಾದರೂ ಹಾನಿ

ಪ್ರಮಾಣ ಕಡಿಮೆಯಾದರೆ ಫಲವಿಲ್ಲ ಎಂದು ಹೇಳಿದ್ದಾಯಿತು, ಹೆಚ್ಚಾದರೂ ತೊಂದರೆಯೇ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ಪಾರ್ಶ್ವವಾಯು ಆದ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದವರು, ಎಂದಿನ ಆರೈಕೆ ಪಡೆದವರಿಗಿಂತ 3 ತಿಂಗಳ ಬಳಿಕ ಕಡಿಮೆ ಚೇತರಿಸಿಕೊಂಡಿದ್ದರು. ಬೇಗ ಎಬ್ಬಿಸಬೇಕೆಂಬ ನಮ್ಮ ಉತ್ಸಾಹಕ್ಕೂ ಮಿತಿ ಬೇಕೆಂಬುದು ಇದರಿಂದ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೇ ಎದೆನೋವು ಬರುವವರಿಗೆ, ರಕ್ತದೊತ್ತಡ 200/110 ದಾಟಿದವರಿಗೆ, ಜ್ವರವಿರುವವರಿಗೆ, ಒಂದೇ ಮೀನಖಂಡ ಊದಿ ನೋಯುತ್ತಿರುವವರಿಗೆ ಅಂದು ವ್ಯಾಯಾಮ ಬೇಡ, ಮೊದಲು ವೈದ್ಯರು ನೋಡಲಿ. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡಿದ್ದರೆ ಅಥವಾ ತೊಡೆಸಂದಿಯ ಸುತ್ತ ಜೋಮು ಹಿಡಿದಿದ್ದರೆ ತಡಮಾಡದೆ ತುರ್ತು ವಿಭಾಗಕ್ಕೆ ಕಳುಹಿಸಬೇಕು.

ಮನೆಯಲ್ಲಿ ಮುಂದುವರಿಯುವಂತೆ

ಹಳ್ಳಿಯಿಂದ ಬಸ್ಸು ಹಿಡಿದು ಮೈಸೂರಿಗೋ ಮಂಡ್ಯಕ್ಕೋ ಬಂದು ಹೋಗುವವರಿಗೆ ಅಂದಿನ ಕೂಲಿ ಹೋಗುತ್ತದೆ. ವಾರಕ್ಕೆ ಮೂರು ಸಲ ಬನ್ನಿ ಎಂದು ಹೇಳುವುದು ಸುಲಭ, ಬರುವುದು ಕಷ್ಟ. ಆದ್ದರಿಂದ ಮೊದಲ ಭೇಟಿಯಲ್ಲೇ ಎರಡು ಅಥವಾ ಮೂರು ವ್ಯಾಯಾಮಗಳನ್ನಷ್ಟೇ ಆರಿಸಿ, ನಾವು ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಿ, ಮಗನದೋ ಮಗಳದೋ ಮೊಬೈಲಿನಲ್ಲಿ ಅವರೇ ಮಾಡುತ್ತಿರುವುದನ್ನು ಚಿತ್ರೀಕರಿಸಿ ಕಳುಹಿಸುವುದು ಹತ್ತು ವ್ಯಾಯಾಮಗಳ ಮುದ್ರಿತ ಚೀಟಿಗಿಂತ ಮೇಲು. ಕೇಸ್ ಶೀಟಿನಲ್ಲಿ ‘ವ್ಯಾಯಾಮ ಹೇಳಿಕೊಡಲಾಗಿದೆ’ ಎಂದಷ್ಟೇ ಬರೆಯದೆ, ಯಾವುದು, ಎಷ್ಟು ಭಾರ, ಎಷ್ಟು ಬಾರಿ, ಮರುದಿನ ನೋವು ಎಷ್ಟಿತ್ತು ಎಂಬುದನ್ನು ಬರೆದರೆ ಮುಂದಿನ ಸಲ ನೋಡುವವರಿಗೆ ಪ್ರಮಾಣ ಏರಿಸಲು ಆಧಾರ ಸಿಗುತ್ತದೆ.

ನಾಟಿ, ಕೊಯ್ಲಿನ ವಾರಗಳಲ್ಲಿ ಅಭ್ಯಾಸ ತಪ್ಪುತ್ತದೆ ಎಂದು ಮೊದಲೇ ತಿಳಿದಿರಬೇಕು. ಅದಕ್ಕಾಗಿ ಅವರನ್ನು ಗದರಿಸಬಾರದು. ಎರಡು ಮೂರು ವಾರಗಳ ಬಿಡುವಿನಲ್ಲಿ ಗಳಿಸಿದ ಬಲ ಬಹುಪಾಲು ಉಳಿದಿರುತ್ತದೆ, ಆದರೆ ದಮ್ಮು ಬೇಗ ಇಳಿದಿರುತ್ತದೆ. ಮತ್ತೆ ಬಂದ ದಿನ ಹಿಂದಿನ ಭಾರದ ಅರ್ಧದಷ್ಟರಲ್ಲಿ ಒಂದೇ ಸೆಟ್ ಮಾಡಿಸಿ, ಮರುದಿನ ನೋವು ಹೇಗಿದೆಯೆಂದು ಫೋನಿನಲ್ಲಿ ಕೇಳಿ, ಆಮೇಲೆ ಎರಡನೆಯ ಸೆಟ್ ಸೇರಿಸಬೇಕು.