ಎಡ್ಡಿ ಜಾಸ್ತಿ ಸ್ಟ್ರಾಂಗಾ, ನಮ್ಮ ಕಣ್ಣು ಲೇಟಾ?

ಹಾಸನದ ಬಿ.ಎಂ. ರಸ್ತೆ ಕಡೆ, ಮೆಟ್ಟಿಲು ಹತ್ತಿ ಹೋಗೋ ಒಂದು ಗೇಮಿಂಗ್ ಪಾರ್ಲರಲ್ಲಿ ನಮ್ಮ ಚಿಕ್ಕಮ್ಮನ ಮಗ ಟೆಕ್ಕನ್ 8 ಅನ್ನೋ ಫೈಟಿಂಗ್ ಗೇಮಲ್ಲಿ ಎಡ್ಡಿ ಅನ್ನೋ ಪಾತ್ರದ ಕೈಲಿ ಸಾಲಾಗಿ ಏಳು ಮ್ಯಾಚ್ ಸೋತು, ಕಂಟ್ರೋಲರ್ ಸೋಫಾ ಮೇಲೆ ಎಸೆದು, "ಅಣ್ಣ, ಈ ಎಡ್ಡಿ ಓಪಿ ಕಣಣ್ಣ, ಇವ್ನನ್ನ ಬ್ಯಾನ್ ಮಾಡ್ಬೇಕು" ಅಂದ. ಓಪಿ ಅಂದ್ರೆ ಓವರ್ ಪವರ್ಡ್, ಮಿತಿ ಮೀರಿದ ಬಲ ಇರೋ ಪಾತ್ರ. ಗೆದ್ದ ಹುಡುಗ, ಪಿಯುಸಿ ಇರ್ಬೇಕು, ಈ ಕಡೆ ತಿರುಗೂ ನೋಡ್ದೆ "ಕೂತು ಬ್ಲಾಕ್ ಮಾಡಿ ಬ್ರೋ, ಅಷ್ಟೇ" ಅಂದ. ಆಟದಲ್ಲಿ ನಮ್ಮ ಪಾತ್ರಾನ ಕೂರಿಸಿ ಏಟು ತಡೀಬೇಕಂತೆ, ಅಷ್ಟೇ ಅಂತೆ! ಹಿಂದೆ ನಿಂತಿದ್ದ ಇನ್ನೊಬ್ಬನ ಥಿಯರಿ ಬೇರೆ, ಆ ಕಪ್ಪು ಕಂಟ್ರೋಲರ್ ಲಕ್ಕಿ, ಅದನ್ನ ಹಿಡಿದೋನು ಸೋಲಲ್ಲ, ಅಮಾವಾಸ್ಯೆ ದಿನ ಮಾತ್ರ ಕೈ ಕೊಡುತ್ತೆ ಅಂತ. ನನಗೆ ಇಂಥದ್ದು ಕೇಳಿದ್ರೆ ಮೈಯೆಲ್ಲಾ ಉರಿಯುತ್ತೆ. ಎತ್ತಿ ನೋಡಿದೆ, ಅದರ ಸ್ಟಿಕ್ಕಿನ ರಬ್ಬರ್ ಇನ್ನೂ ಸವೆದಿರಲಿಲ್ಲ, ಮಿಕ್ಕಿದ್ದೆಲ್ಲಾ ನುಣ್ಣಗೆ ಜಾರ್ತಿತ್ತು. ಇಷ್ಟೇ ನೋಡಿ ಅಮಾವಾಸ್ಯೆ.

ಎಡ್ಡಿ ಜಗಳ ಹಳೇದು. ಎಡ್ಡಿ ಗೋರ್ಡೊ ಮೊದಲು ಬಂದಿದ್ದು 1997ರ ಟೆಕ್ಕನ್ 3ರಲ್ಲಿ. ಅವನದ್ದು ಬ್ರೆಜಿಲಿನ ಕಪೊಯೆರಾ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ನಡುವೆ ಬೆಳೆದ ವಿದ್ಯೆ, ಕುಣಿತಾನೂ ಹೌದು ಕಾದಾಟಾನೂ ಹೌದು. 1890ರ ಬ್ರೆಜಿಲ್ ದಂಡಸಂಹಿತೆಯಲ್ಲಿ ಕಪೊಯೆರಾ ಆಡೋದೇ ಅಪರಾಧ ಅಂತ ಬರೆದಿದ್ರು, ಅಂದ್ರೆ ಬ್ಯಾನ್ ಮಾಡಿ ಅನ್ನೋ ನಮ್ಮ ಹುಡುಗನ ಬೇಡಿಕೆಗೆ ನೂರಾ ಮೂವತ್ತು ವರ್ಷದ ಇತಿಹಾಸ ಇದೆ. ಗೇಮಲ್ಲಿ ತೊಂದರೆ ಏನಂದ್ರೆ, ಏನೂ ಗೊತ್ತಿಲ್ದೋನು ಎರಡು ಒದೆ ಬಟನ್ ಸುಮ್ನೆ ಕುಟ್ತಾ ಕೂತ್ರೂ ಎಡ್ಡಿ ತಲೆಕೆಳಗಾಗಿ ಗಿರಗಿರ ತಿರುಗಿ ಅನುಭವ ಇರೋರನ್ನೂ ಉರುಳಿಸಿಬಿಡ್ತಾನೆ.

ನಾನು ಹೇಳೋದು ನಮ್ಮ ಹುಡುಗ, ಆ ಪಿಯುಸಿ ಹುಡುಗ ಇಬ್ಬರೂ ಸರಿ ಅಂತ. ಎಡ್ಡಿ ಬಲ ಎಷ್ಟು ಅಂತ ಎಡ್ಡಿ ಒಬ್ಬನನ್ನೇ ನೋಡಿ ಹೇಳೋಕಾಗಲ್ಲ, ಎದುರಿಗೆ ಕೂತೋನ ಕಣ್ಣಿಂದ ಬೆರಳಿಗೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತಾಗುತ್ತೆ ಅನ್ನೋದನ್ನೂ ಸೇರಿಸ್ಬೇಕು. ಜೇಬಲ್ಲಿ ಐನೂರರ ನೋಟಿದ್ರೆ ತೆಗೀರಿ. ಉದ್ದ 150 ಮಿಲಿಮೀಟರ್. ಅದನ್ನ ಉದ್ದಕ್ಕೆ ನೇತಾಡೋ ಹಾಗೆ ಹಿಡಿದು, ಕೆಳಗಿನ ಅಂಚಿನ ಹತ್ರ ಗೆಳೆಯನ ಹೆಬ್ಬೆರಳು ತೋರುಬೆರಳು ಇಡ್ಸಿ, ಹೇಳ್ದೆ ಕೇಳ್ದೆ ಬಿಟ್ಬಿಡಿ. ಹಿಡಿದ್ರೆ ನೋಟು ನಿಂದೇ ಅನ್ನಿ, ಧೈರ್ಯವಾಗಿ ಅನ್ನಿ. ಇಡೀ ನೋಟು ಬೆರಳ ನಡುವಿಂದ ಜಾರೋಕೆ ಸುಮಾರು 0.175 ಸೆಕೆಂಡ್ ಸಾಕು, ನಮ್ಮ ಕಣ್ಣು ನೋಡಿ ಕೈ ಅಲ್ಲಾಡೋಕೆ 0.2ರಿಂದ 0.25 ಸೆಕೆಂಡ್ ಬೇಕು. ಗೆಳೆಯ ಮುಚ್ಚೋದು ಖಾಲಿ ಬೆರಳು. ಗೇಮು ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ, ಓಡುತ್ತೆ, ಒಂದು ಫ್ರೇಮ್ ಅಂದ್ರೆ 16.7 ಮಿಲಿಸೆಕೆಂಡ್, ಆ ಲೆಕ್ಕದಲ್ಲಿ ನೋಟು ಬೀಳೋದು ಹತ್ತೂವರೆ ಫ್ರೇಮಲ್ಲಿ. ಟೆಕ್ಕನ್‌ನಲ್ಲಿ ಮಾಮೂಲಿ ಜ್ಯಾಬ್, ಅಂದ್ರೆ ಚುರುಕಾದ ಸಣ್ಣ ಗುದ್ದು, ಬಂದು ತಾಗೋಕೆ ಹತ್ತು ಫ್ರೇಮ್. ಹಾಗಾಗಿ ಜ್ಯಾಬನ್ನ "ನೋಡಿ ತಡೆದೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅವ್ನು ಊಹೆ ಮಾಡಿದ್ದಾನೆ. ಅದೇ ಇನ್ನೊಂದು ಪಾತ್ರ ಬ್ರಯಾನ್‌ನ ಸ್ನೇಕ್ ಎಡ್ಜ್ ಅಂತ ಕಾಲು ಗುಡಿಸೋ ಒದೆ ಇದೆ, ಬರೋಕೆ ಅರ್ಧ ಸೆಕೆಂಡಿನ ಆಸುಪಾಸು ತಗೊಳುತ್ತೆ, ಅದು ಸಿಮ್ಮಲ್ಲಿ ಇಟ್ಟ ಹಾಲಿದ್ದ ಹಾಗೆ, ಉಕ್ಕೋದು ಕಾಣುತ್ತೆ, ಕೈ ಗ್ಯಾಸ್ ನಾಬಿಗೆ ಹೋಗುತ್ತೆ. ಜ್ಯಾಬು ಜೋರು ಉರಿ ಹಾಲು, ನೋಡೋಷ್ಟರಲ್ಲಿ ಒಲೆ ಮೇಲೆಲ್ಲಾ ಚೆಲ್ಲಿರುತ್ತೆ.

ಅಂದಹಾಗೆ ನರದಲ್ಲಿ ಸುದ್ದಿ ಓಡೋಕೆ ಸಮಯ ಹಿಡಿಯುತ್ತೆ ಅನ್ನೋದನ್ನೇ ಜನ ಒಪ್ತಿರಲಿಲ್ಲ, ಅದು ಅಳೆಯೋಕೇ ಆಗದಷ್ಟು ಬೇಗ ಅಂದ್ಕೊಂಡಿದ್ರು, 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆ ಕಾಲಿನ ನರ ಇಟ್ಕೊಂಡು ಅಳೆದೇಬಿಟ್ಟ.

ಇನ್ನೂ ಒಂದು ವಿಷ್ಯ ಇದೆ, ಎಡ್ಡಿಗೆ ನಿಜವಾದ ಬಲ ಬರೋದೇ ಇಲ್ಲಿಂದ. 1868ರಲ್ಲಿ ಡಾಂಡರ್ಸ್ ಅನ್ನೋ ಡಚ್ ವಿಜ್ಞಾನಿ ತೋರಿಸಿದ್ದು, ಒಂದೇ ಸಿಗ್ನಲ್ಲಿಗೆ ಒಂದೇ ಬಟನ್ ಆದ್ರೆ ಬೇಗ ಒತ್ತುತೀವಿ, ಎರಡರಲ್ಲಿ ಒಂದನ್ನ ಆರಿಸು ಅಂದ್ರೆ ತಡ ಆಗುತ್ತೆ ಅಂತ. ಆಯ್ಕೆ ಜಾಸ್ತಿ ಆದಂಗೆ ಎಷ್ಟು ತಡ ಅನ್ನೋದಕ್ಕೆ 1952ರಲ್ಲಿ ಹಿಕ್ ಸೂತ್ರಾನೇ ಕೊಟ್ಟ. ಹಾಸನ ಬಸ್ ಸ್ಟ್ಯಾಂಡಲ್ಲಿ ಬೇಲೂರು ಬಸ್ ಒಂದೇ ಬರೋ ಹಾಗಿದ್ರೆ ಕಣ್ಣು ಮುಚ್ಕೊಂಡೂ ಹತ್ತಬಹುದು, ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರ ಎಲ್ಲಾ ಒಟ್ಟಿಗೆ ನುಗ್ಗಿದ್ರೆ ಬೋರ್ಡ್ ಓದೋಷ್ಟರಲ್ಲಿ ಸೀಟೆಲ್ಲಾ ಫುಲ್. ಎಡ್ಡಿ ಕೈ ಮೇಲೆ ನಿಂತಾಗ ಒಂದಷ್ಟು ಒದೆ, ಮಲಗಿದ್ದಾಗ ಇನ್ನೊಂದಷ್ಟು. ಹೊಸಬನಿಗೆ ಎಲ್ಲಾ ಬಸ್ಸೂ ಒಂದೇ ಕೆಂಪು. ಆ ಪಿಯುಸಿ ಹುಡುಗನ ಕಣ್ಣು ನಮ್ಮ ಹುಡುಗನ ಕಣ್ಣಿಗಿಂತ ಚುರುಕೇನೂ ಇಲ್ಲ, ಎಡ್ಡಿಯ ಈ ಭಂಗಿಯಿಂದ ಬರೋ ಒದೆ ಎರಡೇ ಅಂತ ಅವನಿಗೆ ಮೊದಲೇ ಗೊತ್ತು. 2004ರಲ್ಲಿ ಎವೋ ಅನ್ನೋ ದೊಡ್ಡ ಫೈಟಿಂಗ್ ಗೇಮ್ ಟೂರ್ನಿಯಲ್ಲಿ, ಸ್ಟ್ರೀಟ್ ಫೈಟರ್ 3 ಆಟದಲ್ಲಿ, ಡೈಗೋ ಉಮೆಹಾರ ಉಸಿರಷ್ಟೇ ಉಳಿದಿದ್ದ ತನ್ನ ಪಾತ್ರ ಕೆನ್‌ನಿಂದ ಜಸ್ಟಿನ್ ವಾಂಗ್‌ನ ಚುನ್-ಲೀಯ 15 ಹೊಡೆತಾನೂ ಪ್ಯಾರಿ ಮಾಡಿ, ಅಂದ್ರೆ ತಾಗೋ ಗಳಿಗೆಗೆ ಸರಿಯಾಗಿ ತಡೆದು, ಗೆದ್ದಿದ್ದನ್ನ ಜನ "ಏನ್ ರಿಫ್ಲೆಕ್ಸ್ ಗುರೂ" ಅಂತಾರಲ್ಲ, ಮೊದಲನೇ ಒದೇನ ಕಣ್ಣಿಂದ ನೋಡಿ ಆಮೇಲೆ ಒತ್ತಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು, ಅವನು ಕಾಯ್ತಾ ಇದ್ದ.

ಸರಿ, ನೋಡೋಕಾಗ್ದಿದ್ರೆ ಊಹೆ ಮಾಡ್ಬೇಕು, ಊಹೆ ಅಂದ್ರೆ ಕುರುಡು ಅದೃಷ್ಟ ಅಲ್ಲ, ಅದಕ್ಕೂ ಗಣಿತ ಇದೆ, 1928ರಲ್ಲೇ ಫಾನ್ ನಾಯ್ಮನ್ ಮಾಡಿಟ್ಟಿದ್ದು. ಲೆಕ್ಕಕ್ಕೆ ಅಂತ ಹೀಗಿಟ್ಕೊಳ್ಳಿ. ನಿಂತಿದ್ರೆ ಕೆಳಗಿನ ಒದೆ ಬಿದ್ದು 20 ಪಾಯಿಂಟ್ ಹೋಗುತ್ತೆ, ಕೂತಿದ್ರೆ ಮಧ್ಯದ ಹೊಡೆತ ಬಿದ್ದು ಕಾಂಬೋ, ಅಂದ್ರೆ ಅದರ ಬೆನ್ನಿಗೇ ಬೀಳೋ ಏಟುಗಳು, ಸೇರಿ 60 ಹೋಗುತ್ತೆ, ಸರಿಯಾಗಿ ತಡೆದ್ರೆ ಏನೂ ಹೋಗಲ್ಲ. ನಾಲ್ಕರಲ್ಲಿ ಒಂದು ಸಲ ಕೂತು ಮೂರು ಸಲ ನಿಂತ್ರೆ ಎದುರಾಳಿ ಏನೇ ಹೊಡೆದ್ರೂ ಸರಾಸರಿ 15 ಹೋಗುತ್ತೆ, ಅದಕ್ಕಿಂತ ಜಾಸ್ತಿ ಅವ್ನು ಕೀಳೋಕಾಗಲ್ಲ. ತಮಾಷೆ ಏನಂದ್ರೆ ಎದುರಾಳಿ ಕೂಡ ಮುಕ್ಕಾಲು ಪಾಲು ಆ ಸಣ್ಣ ಕೆಳ ಒದೇನೇ ಹೊಡೀಬೇಕು, 60ರ ಆಸೆಗೆ ಬೀಳಬಾರ್ದು. ಈಗ ಕೆಳ ಒದೆ ತಡೆದ ತಕ್ಷಣ ತಿರುಗಿಸಿ 40 ಹೊಡೆಯೋದು ಕಲ್ತ್ಕೊಳ್ಳಿ. ಆ 15 ಇಳಿದು 10 ಆಗುತ್ತೆ, ಅವ್ನು ಕೆಳ ಒದೇನ ಮುಕ್ಕಾಲಿಂದ ಅರ್ಧಕ್ಕೆ ಇಳಿಸ್ಬೇಕಾಗುತ್ತೆ, ನೀವು ಆರರಲ್ಲಿ ಒಂದು ಸಲ ಕೂತ್ರೂ ಸಾಕು. "ಕೌಂಟರ್ ಇದೆ" ಅನ್ನೋ ಮಾತಿನ ಅರ್ಥ ಇಷ್ಟೇ, ಏಟು ನಿಲ್ಲಲ್ಲ, ಅಗ್ಗ ಆಗುತ್ತೆ.

ಇದನ್ನ ನಮ್ಮ ಚಿಕ್ಕಮಗಳೂರು ಕಡೆ ತೋಟದೋರಿಗೆ ಹೇಳಿದ್ರೆ ತಕ್ಷಣ ಅರ್ಥ ಆಗುತ್ತೆ. ಎಲೆ ತುಕ್ಕು ರೋಗಕ್ಕೆ ಬಗ್ಗದ ಕಾಫಿ ಅಂತ 1911ರಲ್ಲಿ ಕೆಂಟ್ ತಳಿ ಆರಿಸಿದ್ರು, ಆ ಕಾಲದ ಓಪಿ ಅಂದ್ರೆ ಅದು, ಎಲ್ಲರೂ ಅದನ್ನೇ ನೆಟ್ರು. ಎಲ್ಲರೂ ನೆಟ್ಟಿದ್ದೇ ತಡ, ಕೆಂಟನ್ನೂ ತಿನ್ನೋ ಬೂಷ್ಟಿನ ಬೇರೆ ತಳಿ ಮೇಲೆದ್ದು ಬಂತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದೋರು ಎಸ್.288 ಅನ್ನೋ ಕಾಫಿ ತಳಿ ಜೊತೆ ಕೆಂಟ್ ಬೆರೆಸಿ ಎಸ್.795 ಮಾಡಿದ್ರು, ಅದೂ ಈಗ ತುಕ್ಕಿನಿಂದ ಪೂರ್ತಿ ಪಾರಲ್ಲ, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೀಲೇಬೇಕು. ಕೆಂಟ್ ಗಿಡ ಮೊದಲಿದ್ದ ಹಾಗೇ ಇತ್ತು, ಎದುರಾಳಿ ಕಲಿತ.

ಹಾಗಂತ ಓಪಿ ಅನ್ನೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋದ ಅಕುಮಾ ಅನ್ನೋ ಪಾತ್ರಾನ ಟೂರ್ನಿಗಳಲ್ಲಿ ಬಿಟ್ಕೊಳ್ಳಲ್ಲ, ಅವನ ಗಾಳಿಯಲ್ಲಿ ಎಸೆಯೋ ಬೆಂಕಿಗೆ ಎಷ್ಟೋ ಪಾತ್ರಗಳ ಹತ್ರ ಉತ್ತರಾನೇ ಇಲ್ಲ. 2019ರ ಡಿಸೆಂಬರಲ್ಲಿ ಟೆಕ್ಕನ್ 7ಕ್ಕೆ ಲೆರಾಯ್ ಅನ್ನೋ ಹೊಸ ಪಾತ್ರ ಬಂತು, ಮುಂದಿನ ತಿಂಗಳ ಎವೋ ಜಪಾನ್‌ನಲ್ಲಿ ಕೊನೆಯ ಎಂಟರಲ್ಲಿ ಆರು ಜನ ಅವನನ್ನೇ ಹಿಡಿದಿದ್ರು, ಆಮೇಲೆ ಕಂಪನಿಯೋರು ಅವನ ಬಲ ತಗ್ಗಿಸಿದ್ರು. ಎಲ್ಲಾ ಗೊತ್ತಿರೋ ಆಟಗಾರರೇ ಒಬ್ಬನ ಹಿಂದೆ ಬಿದ್ರೆ ಅದು ಸಾಕ್ಷಿ. ಪಾರ್ಲರಲ್ಲಿ ಏಳು ಮ್ಯಾಚ್ ಸೋತಿದ್ದು ಸಾಕ್ಷಿ ಅಲ್ಲ ಕಣೋ ಅಂತ ತಮ್ಮನಿಗೆ ಅಂದೆ, ಮುಖ ಊದಿಸ್ಕೊಂಡ.

ಅವ್ನ ಪಾಪಕ್ಕೆ ನಾನೇ ಒಂದು ಮ್ಯಾಚ್ ಆಡಿದೆ. ಬಟನ್ ಒತ್ತಿದ ಮೇಲೆ ಒಂದು ಕ್ಷಣ ಏನೋ ಎಳೆದ ಹಾಗೆ. ಟಿವಿ ಸೆಟ್ಟಿಂಗಿಗೆ ಹೋಗಿ ನೋಡಿದ್ರೆ ಪಿಕ್ಚರ್ ಮೋಡ್ ವಿವಿಡ್, ಚಿತ್ರಕ್ಕೆ ಮೇಕಪ್ ಮಾಡಿ ತೋರ್ಸೋಕೆ ಕೆಲವು ಟಿವಿ 100 ಮಿಲಿಸೆಕೆಂಡ್‌ವರೆಗೂ ತಿನ್ನುತ್ವೆ, ಅಂದ್ರೆ ಆರು ಫ್ರೇಮ್! ಕಣ್ಣಿಂದ ಕೈಗೆ ಹಿಡಿಯೋ ಹನ್ನೆರಡು ಹದಿನೈದು ಫ್ರೇಮಿನ ಮೇಲೆ ಇನ್ನೂ ಆರು. ತಡೆಯೋನಿಗೆ ಅದು ಪೂರ್ತಿ ನಷ್ಟ, ಕಣ್ಣು ಮುಚ್ಚಿ ಕುಟ್ಟೋನಿಗೆ ಏನೂ ಆಗಲ್ಲ. ಆ ಮೇಕಪ್ ಬಿಡಿಸೋ ಗೇಮ್ ಮೋಡ್ ಹಾಕಿದೆ. ತಮ್ಮ ಮುಂದಿನ ಐದರಲ್ಲಿ ಎರಡು ಗೆದ್ದ, ಎಡ್ಡಿ ಅವನೇ, ಹುಡುಗನೂ ಅವನೇ.

ಹದಿನೈದು ದಿನ ಬಿಟ್ಟು ಹೋದಾಗ ಐಪಿಎಲ್ ನಡೀತಿತ್ತು. ಗೇಮ್ ಮೋಡಲ್ಲಿ ಹುಲ್ಲು ಹಸಿರಾಗಿ ಕಾಣಲ್ಲ ಅಂತ ಓನರ್ ವಾಪಸ್ ವಿವಿಡ್ ಮಾಡಿದ್ರು, ರಿಮೋಟು ಅವರ ಜೇಬಲ್ಲಿತ್ತು.