ಪೆಟ್ಟೆಲ್ಲ ಸರಿಯಾಗಿ ಬಿದ್ದರೂ ಬೀಟ್ ಯಾಕೆ ಸಪ್ಪೆ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಬೀಟ್ ಮಾಡುವುದನ್ನು ಕಲಿಯುತ್ತಿದ್ದೇನೆ. ಪ್ರತಿ ಪೆಟ್ಟೂ ಗ್ರಿಡ್ ಮೇಲೆ, ಅಂದರೆ ಸ್ಕ್ರೀನಿನ ಸಮಯದ ಗೆರೆಗಳ ಮೇಲೆ, ಕರೆಕ್ಟಾಗಿ ಕೂತಿದೆ. ಸ್ಯಾಂಪಲ್‌ಗಳೂ (ರೆಕಾರ್ಡ್ ಮಾಡಿದ ದನಿಯ ತುಣುಕುಗಳು) ಒಳ್ಳೆಯವೇ. ಆದರೂ ಕೇಳಿದರೆ ಜೀವ ಇಲ್ಲ. ಮನುಷ್ಯರು ಬಾರಿಸಿದಂತೆ ಮಾಡುತ್ತದೆ ಅನ್ನುವ ಹ್ಯೂಮನೈಸ್ ಬಟನ್ ಒತ್ತಿ ನೋಡಿದೆ, ಇನ್ನೂ ಕೆಟ್ಟಿತು. ಏನು ಮಾಡಲಿ?

ಉತ್ತರ: ಮೊದಲು ಗ್ರಿಡ್ಡನ್ನು ಬೈಯುವುದು ಬಿಡಿ. ಗ್ರಿಡ್‌ನಿಂದ ಕೂದಲೆಳೆಯಷ್ಟೂ ಕದಲದ ಟೆಕ್ನೋ ನೃತ್ಯಸಂಗೀತಕ್ಕೆ ಜನ ರಾತ್ರಿಯಿಡೀ ಕುಣಿಯುತ್ತಾರೆ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ ಮತ್ತು ಟಿಬಿ-303 ಬೇಸ್ ಯಂತ್ರ ಇಟ್ಟುಕೊಂಡು ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಅಲ್ಲಿ ಡ್ರಮ್ ಕಡ್ಡಿಯಂತೆ ನೆಟ್ಟಗಿದೆ. ಆದರೆ ಅದರ ಮೇಲೆ ರಾಗದ ಸ್ವರಗಳು ಜಾರುತ್ತವೆ, ಬಾಗುತ್ತವೆ. ಒಂದು ನೆಟ್ಟಗೆ ನಿಂತಿರುವುದರಿಂದಲೇ ಇನ್ನೊಂದರ ಬಾಗು ಗೊತ್ತಾಗುತ್ತದೆ. ನಿಮ್ಮ ಬೀಟ್‌ನಲ್ಲಿ ಬಹುಶಃ ಎಲ್ಲವೂ ನೆಟ್ಟಗಿದೆ, ಎಲ್ಲವೂ ಒಂದೇ ಬಿರುಸಿನಲ್ಲಿದೆ. ಸಪ್ಪೆಯಾಗುವುದು ಅಲ್ಲಿ.

ಅದಕ್ಕೇ ಸಮಯಕ್ಕಿಂತ ಮೊದಲು ಬಿರುಸು ನೋಡಿ. ಮೌಸ್‌ನಲ್ಲಿ ಇಟ್ಟ ಪೆಟ್ಟುಗಳು ಸಾಮಾನ್ಯವಾಗಿ ಒಂದೇ ವೆಲಾಸಿಟಿಯಲ್ಲಿ, ಅಂದರೆ ಒಂದೇ ಬಿರುಸಿನಲ್ಲಿ, ಬೀಳುತ್ತವೆ. ಸಂಗೀತದ ಯಂತ್ರಗಳು ಮಾತಾಡಿಕೊಳ್ಳುವ ಮಿಡಿ ಭಾಷೆಯಲ್ಲಿ ಇದಕ್ಕೆ 1ರಿಂದ 127ರವರೆಗೆ ಜಾಗ ಇದೆ, ಸುಮ್ನೆ ಒಂದೇ ಅಂಕಿಯಲ್ಲಿ ಕೂರುವುದು ಯಾಕೆ? ಹೈ-ಹ್ಯಾಟ್‌ನಲ್ಲಿ (ಡ್ರಮ್ ಸೆಟ್ಟಿನ ಜೋಡಿ ಲೋಹದ ತಟ್ಟೆ) ಒಂದು ಪೆಟ್ಟು ಬಿಟ್ಟು ಒಂದನ್ನು ಅರ್ಧಕ್ಕೆ ಇಳಿಸಿ. ಎಷ್ಟೋ ಬಾರಿ ಕೆಲಸ ಅಷ್ಟರಲ್ಲೇ ಮುಗಿದುಹೋಗುತ್ತದೆ.

ಮುಗಿಯದಿದ್ದರೆ ಸ್ವಿಂಗ್. ಇದಕ್ಕೆ ಅಮೆರಿಕದ ರೋಜರ್ ಲಿನ್ ಅವರನ್ನು ನೆನೆಯಬೇಕು. ನಿಜವಾದ ಡ್ರಮ್‌ನ ದನಿಯನ್ನೇ ರೆಕಾರ್ಡ್ ಮಾಡಿ ತುಂಬಿದ ಎಲ್‌ಎಂ-1 ಎಂಬ ಯಂತ್ರವನ್ನು ಅವರು 1980ರಲ್ಲಿ ಮಾರುಕಟ್ಟೆಗೆ ತಂದರು. ಬೆರಳು ಹಿಂದೆ ಮುಂದೆ ಆದರೂ ಪೆಟ್ಟನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ಸೌಲಭ್ಯ ಅದರಲ್ಲಿತ್ತು. ಇವತ್ತು ಅದನ್ನೇ ಕ್ವಾಂಟೈಸ್ ಅನ್ನುತ್ತೇವೆ. ಜೊತೆಗೆ ಜೋಡಿಯಲ್ಲಿ ಎರಡನೇ ಪೆಟ್ಟನ್ನು ಬೇಕೆಂದೇ ತಡ ಮಾಡುವ ಸೌಲಭ್ಯವೂ ಇತ್ತು. ಅದೇ ಸ್ವಿಂಗ್. ಅವರೇ ರೂಪಿಸಿದ ಅಕಾಯ್ ಕಂಪನಿಯ ಎಂಪಿಸಿ-60 ಎಂಬ ಬೀಟ್ ಯಂತ್ರ, 1988ರಲ್ಲಿ, ಇದನ್ನು ಹಿಪ್-ಹಾಪ್ ಮಂದಿಯ ಕೈಗೆ ಕೊಟ್ಟಿತು.

ಲೆಕ್ಕ ನೋಡಿ. ವೇಗ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಇದ್ದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್, ಅದರ ನಾಲ್ಕನೇ ಒಂದು ಭಾಗ 125. ಸ್ವಿಂಗ್ ಅಂಕಿ ಅಂದರೆ ಜೋಡಿಯ ಒಟ್ಟು ಹೊತ್ತಿನಲ್ಲಿ ಮೊದಲ ಪೆಟ್ಟಿನ ಶೇಕಡಾ ಪಾಲು: 50 ಅಂದರೆ 125-125, ಪೂರ್ತಿ ನೆಟ್ಟಗೆ. 66ಕ್ಕೆ ಇಟ್ಟರೆ 165-85. ತಾಳ ಹಾಕಿ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ: ‘ತಕಿಟ’ದಲ್ಲಿ ‘ಕಿ’ ನುಂಗಿ ‘ತ’ ಮತ್ತು ‘ಟ’ ಮಾತ್ರ ಹೇಳಿದ ಹಾಗೆ, ತಿಶ್ರದ ಓಟ. ನನಗೆ ಜಾಸ್ತಿ ಇಷ್ಟ ಆಗುವುದು ನಡುವಿನ ಅಂಕಿಗಳು. 54 ಅಂದರೆ 135-115, ಎರಡನೇ ಪೆಟ್ಟು ಬರೀ 10 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಮೂರೂವರೆ ಮೀಟರ್‌ಗೂ ಕಡಿಮೆ ದೂರ ಹೋಗುತ್ತದೆ. ತಡವಾಯಿತು ಅಂತ ಅನಿಸುವುದಿಲ್ಲ, ಬಿಗಿ ಸ್ವಲ್ಪ ಸಡಿಲವಾಯಿತು ಅನಿಸುತ್ತದೆ ಅಷ್ಟೇ.

ಹಾಗಾದರೆ ಹ್ಯೂಮನೈಸ್ ಯಾಕೆ ಕೈಕೊಟ್ಟಿತು? ಅದು ಸಾಮಾನ್ಯವಾಗಿ ಪ್ರತಿ ಪೆಟ್ಟನ್ನೂ ಮನಸ್ಸಿಗೆ ಬಂದಂತೆ ಅತ್ತಿತ್ತ ಎಸೆಯುತ್ತದೆ. ಒಳ್ಳೆಯ ವಾದಕರು ಹಾಗೆ ಮಾಡುವುದಿಲ್ಲ ಅಲ್ವಾ? ಸ್ನೇರ್ ಎಂಬ ಗಡಸು ದನಿಯ ಡ್ರಮ್ ಒಂದು ಚೂರು ತಡ ಅಂದರೆ ಪ್ರತಿ ಆವರ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ತಡ. ಎರಡನೇ ಸುತ್ತಿಗೆ ಕಿವಿ ಆ ತಡವನ್ನು ಕಾಯುತ್ತದೆ, ಮೂರನೇ ಸುತ್ತಿಗೆ ಕಾಲು ಆಡುತ್ತದೆ. ಮನಬಂದಂತೆ ಎಸೆದರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ಡೆಟ್ರಾಯಿಟ್‌ನ ಹಿಪ್-ಹಾಪ್ ಬೀಟ್ ತಯಾರಕ ಜೆ ಡಿಲ್ಲಾ ಬಗ್ಗೆಯೂ ಇದೇ ಗೊಂದಲ ಇದೆ. ಕ್ವಾಂಟೈಸ್ ಆಫ್ ಮಾಡಿ ಸುಮ್ನೆ ಬಾರಿಸಿದರು ಅನ್ನುವ ಕತೆ ಎಲ್ಲೆಡೆ ಸಿಗುತ್ತದೆ. ಅದು ಅರ್ಧ ಸತ್ಯ. ಅವರ ಬೀಟ್‌ಗಳಲ್ಲಿ ಒಂದು ದನಿ ನೆಟ್ಟಗೆ ಹೋಗುತ್ತಿರುವಾಗ ಇನ್ನೊಂದು ಸ್ವಿಂಗ್‌ನಲ್ಲಿರುತ್ತದೆ, ಸ್ನೇರ್ ಕೆಲವೊಮ್ಮೆ ಒಂದು ಚೂರು ಮೊದಲೇ ಬಂದುಬಿಡುತ್ತದೆ. ಎರಡು ಮೂರು ಕಾಲಗಳು ಒಟ್ಟಿಗೆ ಓಡುತ್ತವೆ. ಎಡವಿದಂತೆ ಕೇಳಿಸುವುದೂ ಬೇಕೆಂದೇ ಮಾಡಿದ್ದು. 2006ರಲ್ಲಿ, 32ನೇ ವಯಸ್ಸಿಗೇ ಅವರು ತೀರಿಕೊಂಡರು. ಅವರ ಎಂಪಿಸಿ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಇನ್ನು ಹೊಸಬರು ಗಮನಿಸದ ಒಂದು ವಿಷಯ. ಪೆಟ್ಟು ಕಣ್ಣಿಗೆ ಗ್ರಿಡ್ ಮೇಲಿದ್ದ ಮಾತ್ರಕ್ಕೆ ಕಿವಿಗೂ ಅಲ್ಲೇ ಇರಬೇಕೆಂದಿಲ್ಲ. 808ರ ಚಪ್ಪಾಳೆಯನ್ನೇ ತೆಗೆದುಕೊಳ್ಳಿ. ಅದು ಒಂದೇ ಪೆಟ್ಟಲ್ಲ, ಬೆನ್ನುಬೆನ್ನಿಗೆ ಬರುವ ಪುಟ್ಟ ಪೆಟ್ಟುಗಳ ಗುಂಪು. ಗೆರೆಯ ಮೇಲೆ ಶುರುವಾದರೂ ಅದರ ಬಲ ಕೇಳಿಸುವುದು ಆಮೇಲೆ. ಅಲುಗಾಡಿಸಿದಾಗ ದನಿ ನಿಧಾನಕ್ಕೆ ಏಳುವ ಶೇಕರ್‌ನದ್ದೂ ಅದೇ ಕತೆ. ಅಂಥ ಸ್ಯಾಂಪಲ್ಲನ್ನು ಗೆರೆಗಿಂತ ಸ್ವಲ್ಪ ಮೊದಲೇ ಶುರುವಾಗುವಂತೆ ಎಳೆದರೇನೇ ತಾಳಕ್ಕೆ ಕೂರುತ್ತದೆ. ಕಿಕ್‌ನ (ದಪ್ಪ ದನಿಯ ದೊಡ್ಡ ಡ್ರಮ್) ಬಾಲ, ಅಂದರೆ ಪೆಟ್ಟಿನ ನಂತರ ಉಳಿಯುವ ಗುಂಗು, ಉದ್ದವಾಗಿ ಸ್ನೇರ್ ಮೇಲೆ ಬಿದ್ದರೂ ಬೀಟ್ ಮಂಕಾಗುತ್ತದೆ. ಆಗ ಸಮಯ ತಿದ್ದಿ ಪ್ರಯೋಜನ ಇಲ್ಲ, ಬಾಲ ಕತ್ತರಿಸಿ.

ಕೆಲಸದ ರೀತಿ ಹೀಗಿರಲಿ. ಕಿಕ್, ಸ್ನೇರ್, ಹೈ-ಹ್ಯಾಟ್ ಬಿಟ್ಟು ಉಳಿದದ್ದೆಲ್ಲ ಮ್ಯೂಟ್. ಎರಡು ಬಾರ್ ಲೂಪ್ ಹಾಕಿ. ಹೈ-ಹ್ಯಾಟನ್ನು ಮುಟ್ಟಬೇಡಿ, ಅಳತೆಗೆ ಒಂದಾದರೂ ನಿಂತಿರಬೇಕು. ಸ್ನೇರನ್ನು ಮಾತ್ರ 5 ಮಿಲಿಸೆಕೆಂಡ್ ತಡವಾಗುವಂತೆ ಸರಿಸಿ, ಸ್ಕ್ರೀನ್ ಮುಚ್ಚಿ ಹತ್ತಿಪ್ಪತ್ತು ಸುತ್ತು ಕೇಳಿ. ಆಮೇಲೆ 10 ಮಾಡಿ. ಆಮೇಲೆ ಗೆರೆಗಿಂತ ಮೊದಲೇ ಇಟ್ಟು ನೋಡಿ. ಸ್ಕ್ರೀನ್ ಮುಚ್ಚುವುದನ್ನು ಮಾತ್ರ ಮರೆಯಬೇಡಿ, ಪೆಟ್ಟು ಎಲ್ಲಿದೆ ಅಂತ ಕಂಡರೆ ಕಿವಿ ಸೋಮಾರಿಯಾಗುತ್ತದೆ.

ಕೊನೆಗೆ ಎರಡು ಫೈಲ್ ಮಾಡಿ, ಒಂದು ಗ್ರಿಡ್ ಮೇಲಿನದ್ದು, ಒಂದು ಸರಿಸಿದ್ದು. ಮರುದಿನ ಯಾವುದು ಯಾವುದೆಂದು ನೋಡದೆ ಕೇಳಿ. ಗ್ರಿಡ್ ಮೇಲಿನದ್ದೇ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ.